ಕೊಡಿಗೇಹಳ್ಳಿಯ ಹನ್ನೊಂದು ಡಬ್ಬಿ

ಹನ್ನೊಂದು ಪ್ಲೇಟು. ಹನ್ನೊಂದರಲ್ಲೂ ಕಪ್ಪು ಚುಕ್ಕೆ.

ಇನ್‌ಕ್ಯುಬೇಟರಿನ ಬಾಗಿಲು ಮುಚ್ಚಿದೆ. ಮತ್ತೆ ತೆರೆದೆ. ಚುಕ್ಕೆಗಳು ಅಲ್ಲೇ ಇದ್ದವು.

ನನ್ನ ಹೆಸರು ಕಲಾವತಿ. ಗಂಗಾನಗರದ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ಮೂರು ವರ್ಷದಿಂದ ಬೇರೆಯವರ ರಕ್ತ, ಮೂತ್ರ, ಮಲ ನೋಡುತ್ತಾ ಬಂದಿದ್ದೇನೆ. ಮೂಗು ಮುಚ್ಚಿಕೊಂಡು ಮಾತಾಡಿಸುವವರನ್ನು ಕಂಡರೆ ನನಗಾಗದು. ಹೊರಗೆ ಏನನ್ನೂ ತಿನ್ನುವುದಿಲ್ಲ. ತಿನ್ನುವವರಿಗೆ ಬೈಯದೆ ಬಿಡುವುದೂ ಇಲ್ಲ. ಮನೆ ಕೊಡಿಗೇಹಳ್ಳಿಯಲ್ಲಿ. ಮನೆಯಲ್ಲಿ ನಾನು, ಕಾಲೇಜಿಗೆ ಹೋಗುವ ಮಗಳು, ಇಬ್ಬರೇ.

ಆ ಕೊಡಿಗೇಹಳ್ಳಿಗೇ ಕೇಡು ಬಂದಿತ್ತು. ೨೦೧೬ರ ಏಪ್ರಿಲ್. ಮೂರು ವಾರದಲ್ಲಿ ಹತ್ತೊಂಬತ್ತು ಜನರಿಗೆ ಟೈಫಾಯ್ಡ್. ಅದರಲ್ಲಿ ಇಬ್ಬರು ಸತ್ತರು. ಒಬ್ಬ ಪಿಜಿಯಲ್ಲಿದ್ದ ಹುಡುಗ. ಇನ್ನೊಬ್ಬರು ರವಿಕೆ ಹೊಲಿಯುತ್ತಿದ್ದ ಮುನಿಯಲ್ಲಮ್ಮ. ಎಲ್ಲರ ಬೆರಳೂ ರೈಲ್ವೆ ಗೇಟಿನ ಹತ್ತಿರದ ಹನ್ನೊಂದು ತಿಂಡಿ ಗಾಡಿಗಳ ಕಡೆಗೇ ತಿರುಗಿತು. ಗಾಡಿಯವರೆಲ್ಲ ಮಲ ಪರೀಕ್ಷೆ ಮಾಡಿಸಲೇಬೇಕು, ಇಲ್ಲದಿದ್ದರೆ ಗಾಡಿ ಎತ್ತಬೇಕು ಎಂದು ಆದೇಶವಾಯಿತು. ಸೋಮವಾರ ಬೆಳಗ್ಗೆ ಗಾಡಿ ಸಂಘದ ಅಧ್ಯಕ್ಷ ಬ್ಯಾಟರಾಯಪ್ಪನವರು ಬಟ್ಟೆ ಚೀಲದಲ್ಲಿ ಹನ್ನೊಂದು ಡಬ್ಬಿ ತಂದಿಟ್ಟು ಹೋದರು. ಒಂದೊಂದರ ಮೇಲೂ ಒಂದೊಂದು ಹೆಸರು. ಒಂದೊಂದರದ್ದೂ ಒಂದೊಂದು ಪ್ಲೇಟಿಗೆ ಸವರಿ, ಕ್ರಿಮಿ ಇದ್ದರೆ ಕಪ್ಪಗೆ ಬೆಳೆಯಲಿ ಎಂದು ಇಟ್ಟಿದ್ದೆ.

ಇವತ್ತು ಬುಧವಾರ. ಹನ್ನೊಂದೂ ಟೈಫಾಯ್ಡ್.

ಇಬ್ಬರು ಸತ್ತಿದ್ದರಿಂದ ಕೇಸು ಪೊಲೀಸರ ಕೈಯಲ್ಲಿತ್ತು. ಠಾಣೆಗೆ ಫೋನ್ ಮಾಡಿದೆ. ಎಸ್‌ಐ ಮಹೇಂದ್ರ ಎತ್ತಿಕೊಂಡರು.

"ಎಷ್ಟು ಜನಕ್ಕೆ ಬಂದಿದೆ ಮೇಡಮ್?"

"ಎಲ್ಲರಿಗೂ."

"ಹನ್ನೊಂದೂ ಗಾಡಿಯವರನ್ನ ಈಗ್ಲೇ ಠಾಣೆಗೆ ಕರೆಸ್ತೀನಿ," ಎಂದು ಫೋನ್ ಇಟ್ಟರು.

* * *

ಮಧ್ಯಾಹ್ನ ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಒಂದು ಗಾಡಿ ಮಗುಚಿ ಬಿದ್ದಿತ್ತು. ಕತ್ತರಿಸಿದ ಹಣ್ಣು ಮಾರುವ ಅನ್ವರನ ಗಾಡಿ, ಟಾರ್ಪಾಲು ಕಟ್ಟಿಟ್ಟಿದ್ದದ್ದು. ಒಳಗೆ ಕೂಡಿಟ್ಟಿದ್ದ ಇಡೀ ಕಲ್ಲಂಗಡಿಗಳು ರಸ್ತೆಯುದ್ದಕ್ಕೂ ಒಡೆದು ಬಿದ್ದಿದ್ದವು. ಜನ ಅವನ್ನು ತುಳಿಯಲೂ ಹೆದರಿ ದೂರ ನಿಂತಿದ್ದರು.

"ಹತ್ತು ಜನ ಠಾಣೇಲಿದಾರೆ. ಒಳಗಿದ್ರೇ ಅವರಿಗೂ ಕ್ಷೇಮ," ಎಂದರು ಮಹೇಂದ್ರ. "ಅನ್ವರ್ ಮಾತ್ರ ಪರಾರಿ. ಫೋನ್ ಸ್ವಿಚ್ ಆಫ್. ಓಡಿಹೋಗಿದಾನೆ ಅಂದ್ರೆ ಏನೋ ಇದೆ."

"ಸಾರ್, ಹನ್ನೊಂದು ಜನಕ್ಕೂ ಇರೋಕೆ ಸಾಧ್ಯ ಇಲ್ಲ."

"ನಿಮ್ಮ ಲ್ಯಾಬೇ ಕೊಟ್ಟಿರೋ ರಿಪೋರ್ಟ್ ಅಲ್ವಾ?"

"ಹೌದು. ಅದಕ್ಕೇ ಭಯ."

ಅವರಿಗೆ ಬಿಡಿಸಿ ಹೇಳಿದೆ. ಟೈಫಾಯ್ಡ್ ಬಂದು ವಾಸಿಯಾದ ನೂರು ಜನರಲ್ಲಿ ಮೂರ್ನಾಲ್ಕು ಜನರ ಪಿತ್ತಕೋಶದಲ್ಲಿ ಆ ಕ್ರಿಮಿ ಉಳಿದುಬಿಡುತ್ತದೆ. ಅವರಿಗೆ ಜ್ವರವಿಲ್ಲ, ನೋವಿಲ್ಲ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾರೆ. ಆದರೆ ವರ್ಷಗಟ್ಟಲೆ ಅವರ ಮಲದಲ್ಲಿ ಕ್ರಿಮಿ ಹೋಗುತ್ತಿರುತ್ತದೆ, ಕೆಲವು ಕಾಲ ಇಲ್ಲವೆನ್ನುವಷ್ಟು ಕಡಿಮೆ, ಕೆಲವು ಕಾಲ ಜಾಸ್ತಿ. ಕೈ ಸರಿಯಾಗಿ ತೊಳೆಯದೆ ಬೇಯಿಸದ ಪದಾರ್ಥ ಮುಟ್ಟಿದರೆ ಮುಗಿಯಿತು. ಅಂಥವರು ಒಂದು ರಸ್ತೆಯಲ್ಲಿ ಒಬ್ಬರು ಸಿಕ್ಕರೆ ಹೆಚ್ಚು. ಹನ್ನೊಂದಕ್ಕೆ ಹನ್ನೊಂದು ಎಲ್ಲಿಯೂ ಇಲ್ಲ.

"ಹಾಗಾದ್ರೆ ನೀರು? ಎಲ್ಲ ಒಂದೇ ಬೋರ್‌ವೆಲ್ಲಿಂದ ಹಿಡೀತಾರೆ."

"ನೋಡ್ತೀನಿ. ಬಾಟಲಿಗೆ ತುಂಬಿಸ್ಕೊಡಿ."

ಅಷ್ಟರಲ್ಲಿ ಬ್ಯಾಟರಾಯಪ್ಪನವರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಊರಿನ ಹಳೇ ಮನೆತನದವರು. ಗಾಡಿ ಸಂಘಕ್ಕೂ ಅವರೇ, ಭಜನೆ ಮಂದಿರಕ್ಕೂ ಅವರೇ ಅಧ್ಯಕ್ಷರು.

"ಪೀಡೆ ತೊಲಗ್ತು ಬುಡಿ," ಎಂದರು. ದನಿಯಲ್ಲಿ ಧೈರ್ಯವಿತ್ತು, ಕಣ್ಣಿನಲ್ಲಿ ಇರಲಿಲ್ಲ. "ನಾಡಿದ್ದು ರಾಮನವಮಿ. ಆರುನೂರು ಜನಕ್ಕೆ ಪಾನಕ, ಕೋಸಂಬರಿ. ಊರಿಗೇ ಒಳ್ಳೇದಾಗ್ಲಿ ಅಂತ ಈ ಸಲ ಜೋರಾಗಿ ಮಾಡ್ತಾ ಇವ್ನಿ. ಬನ್ನಿ ಮೇಡಮ್."

ನಾನು ತಲೆಯಾಡಿಸಿದೆ. ನನ್ನ ಮನಸ್ಸು ಪ್ಲೇಟುಗಳ ಮೇಲಿತ್ತು. ತಪ್ಪು ನನ್ನದೇ ಇರಬಹುದೇ? ಒಂದು ಡಬ್ಬಿಯದು ಇನ್ನೊಂದಕ್ಕೆ ತಗಲಿಸಿಬಿಟ್ಟೆನೇ? ನನ್ನ ಕೈತಪ್ಪಿನಿಂದ ಹತ್ತು ಜನ ಲಾಕಪ್ಪಿನಲ್ಲಿ ಕೂತಿದ್ದಾರೆಯೇ?

* * *

ಅವತ್ತೇ ಸಂಜೆ ಫ್ರಿಜ್ಜಿನಲ್ಲಿದ್ದ ಡಬ್ಬಿಗಳನ್ನು ತೆಗೆದು ಮೊದಲಿನಿಂದ ಶುರು ಮಾಡಿದೆ. ಒಂದು ಡಬ್ಬಿಗೆ ಒಂದು ಜೊತೆ ಗ್ಲೌಸು. ಒಂದು ಮುಗಿಸಿ ಮೇಜು ಒರೆಸಿ ಇನ್ನೊಂದು.

ಪೂರ್ತಿ ಬೆಳೆಯಲು ಎರಡು ದಿನ ಬೇಕು, ಆದರೂ ತಡೆಯಲಾಗದೆ ಗುರುವಾರ ಬೆಳಗ್ಗೆಯೇ ನೋಡಿದೆ. ಹನ್ನೊಂದರಲ್ಲೂ ಆಗಲೇ ಸಣ್ಣ ಕಪ್ಪು ಚುಕ್ಕೆ. ಬೋರ್‌ವೆಲ್ ನೀರು ಚೊಕ್ಕವಾಗಿತ್ತು.

ಅಂದರೆ ತಪ್ಪು ನನ್ನ ಕೈಯದಲ್ಲ, ನೀರಿನದೂ ಅಲ್ಲ. ಸಮಾಧಾನವಾಗಬೇಕಿತ್ತು. ಭಯ ಇನ್ನೂ ಹೆಚ್ಚಾಯಿತು.

ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಒಂದೊಂದಾಗಿ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಜಂತುಹುಳದ ಮೊಟ್ಟೆ. ಎರಡನೆಯದರಲ್ಲೂ ಜಂತುಹುಳದ ಮೊಟ್ಟೆ. ಮೂರು, ನಾಲ್ಕು, ಐದು, ಎಲ್ಲದರಲ್ಲೂ ಅದೇ. ಎಲ್ಲದರಲ್ಲೂ ಅರಗದ ಸೊಪ್ಪು, ಕಾಳಿನ ಸಿಪ್ಪೆ. ಏಳನೆಯ ಡಬ್ಬಿ ಚಿಕನ್ ಕಬಾಬ್ ಮಾರುವ ಖಾದರ್ ಬಾಷಾ ಅವರದು. ಆತ ದಿನಾ ತನ್ನ ಗಾಡಿಯ ಕಬಾಬನ್ನೇ ಊಟಕ್ಕೆ ಹಾಕಿಕೊಳ್ಳುವ ಮನುಷ್ಯ. ಮಾಂಸ ತಿಂದವರ ಮಲದಲ್ಲಿ ಮಾಂಸದ ಎಳೆ ಅಷ್ಟಿಷ್ಟಾದರೂ ಕಾಣಬೇಕು. ಅರ್ಧ ಗಂಟೆ ಹುಡುಕಿದೆ. ಒಂದು ಎಳೆಯೂ ಸಿಗಲಿಲ್ಲ.

ಕುರ್ಚಿಗೆ ಒರಗಿ ಕೂತೆ. ಅನುಮಾನ ಬಂದಿತ್ತು. ಬಾಯಿ ಬಿಟ್ಟು ಹೇಳಲು ಸಾಕ್ಷಿ ಬೇಕಿತ್ತು.

* * *

ಅನ್ವರನ ಮನೆಗೆ ಮಹೇಂದ್ರ ಜೊತೆಗೆ ಬಂದರು. ಅವನ ಹೆಂಡತಿ ಅಮ್ರೀನ್ ಬಾಗಿಲು ಅರ್ಧ ತೆರೆದು ನಿಂತಳು. ಖಾಕಿ ಕಂಡವಳೇ ಬಿಳಿಚಿಕೊಂಡಳು.

"ಸಾಬ್, ಅವ್ರು ಓಡಿ ಹೋಗಿಲ್ಲ. ಚಿಂತಾಮಣೀಲಿ ನಮ್ಮ ನಾದಿನಿ ಮದುವೆ. ಫೋನ್ ಅಲ್ಲೇ ನೀರಿಗೆ ಬಿದ್ದು ಹಾಳಾಗಿದೆ."

"ಯಾವತ್ತು ಹೋಗಿದ್ದು?" ಎಂದು ಕೇಳಿದೆ.

"ಶನಿವಾರ ಬೆಳಗ್ಗೆ."

"ಡಬ್ಬಿ ಕೊಟ್ಟು ಹೋದ್ರಾ?"

"ಯಾವ ಡಬ್ಬಿ?"

"ಪರೀಕ್ಷೆಗೆ, ಅಮ್ರೀನ್. ಸೋಮವಾರ ಬೆಳಗ್ಗೆ ಅನ್ವರ್ ಹೆಸರಲ್ಲಿ ನನಗೆ ಡಬ್ಬಿ ಬಂದಿದೆ."

ಅವಳು ಕಣ್ಣು ಕಣ್ಣು ಬಿಟ್ಟಳು. "ಖಾಲಿ ಡಬ್ಬಿ ಹಂಚಿದ್ದೇ ಭಾನುವಾರ ಅಲ್ವಾ ಅಕ್ಕ? ಆಗ ಅವ್ರು ಊರಲ್ಲೇ ಇರಲಿಲ್ಲ."

ಮಹೇಂದ್ರ ನನ್ನ ಮುಖ ನೋಡಿದರು. ನಾನು ಮೆಟ್ಟಿಲು ಇಳಿಯುತ್ತಾ ಹೇಳಿದೆ. "ಹನ್ನೊಂದು ಡಬ್ಬಿ ಬಂದಿದೆ ಸಾರ್. ಆದ್ರೆ ತುಂಬಿಸಿರೋನು ಒಬ್ಬನೇ."

* * *

ಬ್ಯಾಟರಾಯಪ್ಪನವರು ಮಂದಿರದ ಮುಂದೆ ಚಪ್ಪರ ಹಾಕಿಸುತ್ತಿದ್ದರು. ವಿಷಯ ಎತ್ತಿದ ಕೂಡಲೇ ಟವೆಲಿನಿಂದ ಮುಖ ಒರೆಸಿಕೊಂಡರು.

"ಏನ್ ಮಾಡ್ಲಮ್ಮ? ಡಬ್ಬಿ ಕೊಟ್ರೆ ಒಬ್ಬನೂ ತುಂಬ್ಸಿ ತರ್ಲಿಲ್ಲ. ನಾಚ್ಕೆ. ಎಲ್ಲಾ ನಾಕು ಗಂಟೆಗೇ ಎದ್ದು ಮಾರ್ಕೆಟ್ಗೆ ಓಡೋರು. ಸೋಮವಾರ ಕೊಡ್ದೆ ಇದ್ರೆ ಗಾಡಿ ಎತ್ತುಸ್ತೀವಿ ಅಂದ್ರು. ಅದುಕ್ಕೇ ಒಬ್ಬುರ ಕೈಲಿ ಇಂಗೆ ಮಾಡುಸ್ದೆ. ಬಾಯ್ ಬುಟ್ರೆ ಗಾಡಿ ಓಯ್ತದೆ ಅಂತ ಗಾಡಿಯೋರ್ನೂ ಸುಮ್ನಿರ್ಸಿವ್ನಿ."

"ಯಾರು ಆ ಒಬ್ಬರು?"

"ಯೋಳಕ್ಕಾಗಲ್ಲ. ಮಾತು ಕೊಟ್ಟಿವ್ನಿ."

"ನಿಮ್ಮದೇನಾ?" ಎಂದರು ಮಹೇಂದ್ರ.

"ನಂದಾ? ನಾನ್ ಕುಡಿಯೋನು, ಬಾಡು ತಿನ್ನೋನು. ನಂದು ಕೊಟ್ರೆ ಪಾಸಾಗ್ತದಾ? ಶುದ್ಧವಾಗಿರೋರ್ದೇ ಕೊಡ್ಸಿವ್ನಿ ಸಾಮಿ. ಅವರ್ದೇ ಇಂಗಾಯ್ತು ಅಂದ್ರೆ ನಂಬಕ್ಕಾಗಲ್ಲ. ನಿಮ್ಮ ಮಿಷಿನ್ನೇ ಕೆಟ್ಟಿರ್ಬೇಕು."

ಹೆಸರು ಮಾತ್ರ ಅವರ ಬಾಯಿಂದ ಬರಲಿಲ್ಲ. ಶುದ್ಧವಾಗಿರುವವರು ಎಂಬ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಹನ್ನೊಂದು ಗಾಡಿಯವರೂ ನಿರಪರಾಧಿಗಳು. ಕ್ರಿಮಿ ಇರುವ ಮನುಷ್ಯ ಹೊರಗೆ ಓಡಾಡಿಕೊಂಡಿದ್ದಾನೆ. ಯಾರಿಗೋ ಏನನ್ನೋ ತಿನ್ನಿಸುತ್ತಲೇ ಇದ್ದಾನೆ.

* * *

ಸತ್ತ ಮುನಿಯಲ್ಲಮ್ಮನ ಮನೆಗೆ ಹೋದೆ. ಅವರ ತಂಗಿ ಗೋಪಾಲಮ್ಮ ಹೊಲಿಗೆ ಮಿಷಿನ್ನಿಗೆ ಬಟ್ಟೆ ಮುಚ್ಚುತ್ತಿದ್ದರು.

"ನಿಮ್ಮಕ್ಕ ಯಾವ ಗಾಡೀಲಿ ತಿಂತಿದ್ರು?"

"ಗಾಡೀಲಾ? ನಮ್ಮಕ್ಕ ಹೊರಗಡೆ ಒಂದು ಲೋಟ ಕಾಫಿ ಮುಟ್ಟಿದೋಳಲ್ಲ ಕಣ್ರೀ. ಆಸ್ಪತ್ರೇಲೂ ಕೇಳಿದ್ರು, ಹೊರಗೆ ಏನ್ ತಿಂದ್ರಿ ಅಂತ. ಏನೂ ಇಲ್ಲ ಅಂದ್ವಿ. ಯಾರೂ ನಂಬ್ಲಿಲ್ಲ."

"ಏನೂ ಇಲ್ವಾ? ಯೋಚನೆ ಮಾಡಿ ಹೇಳಿ."

"ಏನೂ ಇಲ್ಲ. ಶನಿವಾರ ಭಜನೆಗೆ ಹೋಗೋಳು, ಪ್ರಸಾದ ತರೋಳು. ಅಷ್ಟೇ."

ನಾನು ಎದ್ದು ನಿಂತಿದ್ದವಳು ಮತ್ತೆ ಕೂತೆ.

ಪ್ರಸಾದ. ಶನಿವಾರದ ಕೋಸಂಬರಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ. ಒಲೆ ಕಾಣದ್ದು. ಬರಿಗೈಯಲ್ಲಿ ಕಲಸಿದ್ದು. ಹತ್ತೊಂಬತ್ತು ಜನರನ್ನೂ ಆಸ್ಪತ್ರೆಯವರು ಒಂದೇ ಪ್ರಶ್ನೆ ಕೇಳಿದ್ದರು, ಹೊರಗೆ ಏನು ತಿಂದಿರಿ ಎಂದು. ಜನ ಪಾನಿಪೂರಿ ಹೇಳಿದರು, ಬಜ್ಜಿ ಹೇಳಿದರು, ಹಣ್ಣು ಹೇಳಿದರು. ಪ್ರಸಾದವನ್ನು ಯಾರೂ ಹೇಳಲಿಲ್ಲ. ಪ್ರಸಾದ ತೆಗೆದುಕೊಂಡರೆ ಹೊರಗೆ ತಿಂದ ಹಾಗೆ ಎಂದು ನಮ್ಮಲ್ಲಿ ಯಾರಿಗೆ ಅನ್ನಿಸುತ್ತದೆ?

ನನಗೂ ಅನ್ನಿಸಿರಲಿಲ್ಲ. ಹೊರಗೆ ಏನನ್ನೂ ತಿನ್ನದ ನಾನು ಹೋದ ಶನಿವಾರ ಮಂದಿರದ ಮುಂದೆ ಎರಡೂ ಕೈಯೊಡ್ಡಿದ್ದೆ. ಕಣ್ಣಿಗೊತ್ತಿಕೊಂಡು ತಿಂದಿದ್ದೆ. ಅದಾಗಿ ಐದು ದಿನ. ಜ್ವರ ಬರಲು ಒಂದು ವಾರದಿಂದ ಮೂರು ವಾರ ಬೇಕು. ಬೆರಳು ಮಡಚಿ ದಿನ ಎಣಿಸಿದೆ. ಗೋಪಾಲಮ್ಮ ನೀರು ತಂದುಕೊಟ್ಟರು. ಲೋಟ ಪಕ್ಕಕ್ಕಿಟ್ಟೆ.

ಅಲ್ಲಿಂದಲೇ ಕಾಯಿಲೆ ಬಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಹದಿನಾರು ಜನ ಸಿಕ್ಕರು. ಹದಿನಾರು ಜನರೂ ಹೌದು ಎಂದರು. ಪಿಜಿಯ ಹುಡುಗರಿಗಂತೂ ಶನಿವಾರದ ಕೋಸಂಬರಿ ಸಂಜೆಯ ತಿಂಡಿಯೇ ಆಗಿತ್ತು.

ಮಂದಿರದಲ್ಲಿ ಕೋಸಂಬರಿ ಕಲಸುವುದು ಒಬ್ಬರೇ. ಊರಿನಲ್ಲಿ ಶುದ್ಧ ಎಂದರೆ ಎಲ್ಲರ ಬಾಯಲ್ಲಿ ಬರುವ ಹೆಸರೂ ಅದೇ. ಮುನಿವೆಂಕಟಯ್ಯ.

* * *

ಮೂರು ಹೊತ್ತು ಸ್ನಾನ. ಮಾಂಸ, ಮದ್ಯ, ಹೋಟೆಲ್ಲು ಯಾವುದೂ ಇಲ್ಲ. ಹಣೆಯಲ್ಲಿ ನಾಮ. ಬೇರೆಯವರ ಮನೆಯ ನೀರನ್ನೂ ಮುಟ್ಟದ ಮನುಷ್ಯ. ಸಂಜೆ ಅವರ ಮನೆಗೆ ಹೋದಾಗ ಅವರಿರಲಿಲ್ಲ. ನಾಳೆಗೆ ಬೇಳೆ ನೆನೆಹಾಕಲು ಮಂದಿರಕ್ಕೆ ಹೋಗಿದ್ದರು. ಸೊಸೆ ಶಿಲ್ಪ ಮಗುವಿಗೆ ಅನ್ನ ಕಲಸುತ್ತಿದ್ದಳು. ಒಂದೂವರೆ ವರ್ಷದ ಗಂಡುಮಗು.

"ನಿಮಗೇನಮ್ಮ, ಮನೇಲೇ ಒಳ್ಳೆ ಅಡುಗೆಯೋರಿದಾರೆ," ಎಂದು ಮಾತು ತೆಗೆದೆ.

"ಮಾವನಾ? ಅಯ್ಯೋ, ಅವರು ಮನೇಲಿ ಒಂದು ಸೌಟು ಮುಟ್ಟಲ್ಲ. ಅಡುಗೆಮನೆ ಹೊಸಿಲೇ ದಾಟಲ್ಲ. ಮಡಿ ಅಂತಾರೆ. ಇವನ ಅನ್ನಪ್ರಾಶನದಲ್ಲೂ ಅಷ್ಟೇ. ತಾತ ಮೊದಲನೇ ತುತ್ತು ತಿನ್ಸಬೇಕು ಅಂತ ಎಲ್ಲಾ ಹೇಳಿದ್ರೂ ಕೈ ಹಿಂದೆ ಕಟ್ಕೊಂಡ್ರು. ನನಗೆ ತುಂಬಾ ಬೇಜಾರಾಗಿತ್ತು."

"ಮೊದಲಿಂದಲೂ ಹಾಗೇನಾ?"

"ಮದುವೆಯಾಗಿ ಬಂದ ಹೊಸದರಲ್ಲಿ ಅವರೇ ಅಡುಗೆ ಮಾಡಿ ಬಡಿಸೋರು. ನಾಲ್ಕು ವರ್ಷದ ಹಿಂದೆ ಪಿತ್ತಕೋಶದಲ್ಲಿ ಕಲ್ಲು ಅಂತ ಆಸ್ಪತ್ರೆಗೆ ಸೇರಿದ್ರು. ಆಪರೇಷನ್ ಮಾಡಿಸ್ಕೊಳ್ಳದೆ ಬಂದ್ಬಿಟ್ರು. ಆಮೇಲಿಂದ ಹೀಗೆ."

ಊರಿಗೆಲ್ಲ ಕಲಸಿ ಕೊಡುವ ಕೈ ಸ್ವಂತ ಮೊಮ್ಮಗನ ಬಾಯಿಗೆ ಒಂದು ಅಗುಳು ಇಡುವುದಿಲ್ಲ. ಹೊರಗಿನವರಿಗೆ ಅದು ಮಡಿ. ನನಗೆ ಹಾಗೆ ಕಾಣಲಿಲ್ಲ.

ಶಿಲ್ಪಳಿಗೆ ಎಲ್ಲವನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳು ಮಗುವನ್ನು ಗಟ್ಟಿಯಾಗಿ ಅವಚಿಕೊಂಡಳು. ಬ್ಯಾಟರಾಯಪ್ಪನವರಿಗೂ ಫೋನ್ ಮಾಡಿದೆ. "ಪುರಾವೆ ಐತಾ? ಇಲ್ದಿದ್ರೆ ಉತ್ಸವ ನಿಲ್ಸಕ್ಕಾಗಲ್ಲ," ಎಂದು ಇಟ್ಟುಬಿಟ್ಟರು. ಮುನಿವೆಂಕಟಯ್ಯನವರದನ್ನು ಹೊಸದಾಗಿ ಪರೀಕ್ಷೆ ಮಾಡಿ ಖಚಿತವಾಗಿ ಹೇಳಲು ಎರಡು ದಿನ ಬೇಕು. ನನ್ನ ಕೈಯಲ್ಲಿ ಇದ್ದದ್ದು ಒಂದು ರಾತ್ರಿ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

* * *

ಶುಕ್ರವಾರ ಬೆಳಗ್ಗೆ ಹತ್ತು ಗಂಟೆ. ಮಂದಿರದ ಮುಂದೆ ಸಾಲು ರಸ್ತೆಯ ತಿರುವು ದಾಟಿತ್ತು. ಮಕ್ಕಳು, ಮುದುಕರು, ಪಿಜಿಯ ಹುಡುಗರು. ಒಳಗೆ ಮುನಿವೆಂಕಟಯ್ಯನವರು ಒದ್ದೆ ಪಂಚೆಯಲ್ಲಿ ದೊಡ್ಡ ಕೊಳದಪ್ಪಲೆಯ ಮುಂದೆ ಕೂತಿದ್ದರು. ಮೊಣಕೈವರೆಗೆ ಬೇಳೆ, ತೆಂಗಿನತುರಿ. ನೈವೇದ್ಯ ಆಗಿತ್ತು. ಹಂಚುವುದೊಂದೇ ಬಾಕಿ.

ಮಹೇಂದ್ರ ಮಫ್ತಿಯಲ್ಲಿ ನನ್ನ ಪಕ್ಕ ನಿಂತರು. "ಮೇಡಮ್, ಅವರು ನಿಜವಾಗ್ಲೂ ತಿನ್ಸಿಬಿಟ್ರೆ?" ಎಂದು ಪಿಸುಗುಟ್ಟಿದರು.

"ನೀವು ಕೈ ಹಿಡ್ಕೋಬೇಕು. ಅದಕ್ಕೇ ಇಷ್ಟು ಹತ್ತಿರ ನಿಲ್ಸಿರೋದು."

ಹೇಳುವುದೇನೋ ಹೇಳಿದೆ. ನನ್ನ ಲೆಕ್ಕ ತಪ್ಪಿದರೆ ಆ ಕೂಸಿನ ಜೀವಕ್ಕೆ ನಾನೇ ಹೊಣೆ.

ಶಿಲ್ಪ ಮಗುವನ್ನು ಎತ್ತಿಕೊಂಡು ಮುಂದೆ ಬಂದಳು. ನಾನು ದನಿ ಎತ್ತರಿಸಿ ಹೇಳಿದೆ. "ಯಜಮಾನ್ರೇ, ಹಬ್ಬದ ದಿನ. ಮೊದಲನೇ ತುತ್ತು ಮೊಮ್ಮಗನಿಗೆ ನಿಮ್ಮ ಕೈಯಾರೆ ತಿನ್ಸಿ. ಆಮೇಲೆ ಊರಿಗೆ ಕೊಡಿ."

ಬ್ಯಾಟರಾಯಪ್ಪನವರು ನಕ್ಕರು. "ಇದು ಒಳ್ಳೇ ಮಾತು. ತಿನ್ಸಪ್ಪ."

ಮುನಿವೆಂಕಟಯ್ಯನವರು ಒಂದು ಚಿಟಿಕೆ ಕೋಸಂಬರಿ ಎತ್ತಿದರು. ಮಗು ತಾತನನ್ನು ನೋಡಿ ನಕ್ಕು ಬಾಯಿ ತೆರೆಯಿತು. ಅವರ ಕೈ ಅರ್ಧ ದಾರಿಯಲ್ಲಿ ನಿಂತುಹೋಯಿತು. ಒಂದೊಂದೇ ಬೇಳೆ ನೆಲಕ್ಕೆ ಉದುರಿತು.

"ಮಡಿ," ಎಂದರು.

"ದೇವರ ಪ್ರಸಾದಕ್ಕೆ ಯಾವ ಮಡಿ ಯಜಮಾನ್ರೇ? ಹೊರಗೆ ಆರುನೂರು ಜನ ನಿಂತಿದಾರೆ. ಅವರಿಗೆಲ್ಲ ಆಗುತ್ತೆ, ಇವನಿಗೆ ಯಾಕಾಗಲ್ಲ?"

ಅವರು ಕೈಯನ್ನು ಎದೆಗೆ ಒತ್ತಿಕೊಂಡರು. ಸೊಸೆಯ ಮುಖ ನೋಡಿದರು. ಅವಳಿಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು.

"ದೂರ ಕರ್ಕೊಂಡು ಹೋಗಮ್ಮ ಅವನ್ನ," ಎಂದರು.

* * *

ಪೊಲೀಸರು ಸಾಲನ್ನು ಚದುರಿಸಿದರು. ಮುನಿವೆಂಕಟಯ್ಯನವರು ಮೂಲೆಯಲ್ಲಿ ಕೂತೇ ಮಾತಾಡಿದರು. ಬ್ಯಾಟರಾಯಪ್ಪನವರು ಕಂಬ ಹಿಡಿದುಕೊಂಡು ಕೇಳಿದರು.

"ನಾಲ್ಕು ವರ್ಷದ ಹಿಂದೆ ಆಸ್ಪತ್ರೇಲೇ ಡಾಕ್ಟ್ರು ಹೇಳಿದ್ರು. ಪಿತ್ತಕೋಶದಲ್ಲಿ ಟೈಫಾಯ್ಡ್ ಕ್ರಿಮಿ ಇದೆ, ತೆಗಿಸ್ಕೊಳ್ಳಿ, ಅಲ್ಲೀವರೆಗೆ ಯಾರಿಗೂ ಅಡುಗೆ ಮಾಡ್ಬೇಡಿ ಅಂತ. ನಾನು ನಲವತ್ತೆಂಟು ದಿನ ವ್ರತ ಮಾಡಿದೆ. ಹೋಗಿರುತ್ತೆ ಅಂದ್ಕೊಂಡೆ. ದೇವರ ಮುಂದೆ ಇಟ್ಟಿದ್ದಕ್ಕೆ ದೋಷ ಅಂಟಲ್ಲ ಅಂದ್ಕೊಂಡೆ."

"ಹಾಗಾದ್ರೆ ಹನ್ನೊಂದು ಡಬ್ಬಿ ಯಾಕೆ ತುಂಬಿಸಿಕೊಟ್ರಿ?" ಎಂದು ಮಹೇಂದ್ರ ಕೇಳಿದರು. "ಬೇಡ ಅನ್ನಬಹುದಿತ್ತು."

ಆ ಪ್ರಶ್ನೆಗೆ ನಾನೇ ಉತ್ತರ ಹೇಳಿದೆ. "ಅವರಿಗೂ ಭಯ ಇತ್ತು ಸಾರ್. ಜನ ಸಾಯೋಕೆ ಶುರುವಾದ ಮೇಲೆ ತನ್ನಲ್ಲಿ ಅದು ಇದೆಯೋ ಇಲ್ವೋ ಗೊತ್ತಾಗಬೇಕಿತ್ತು. ಸ್ವಂತ ಹೆಸರಲ್ಲಿ ಕೊಟ್ರೆ ಮಾನ ಹೋಗುತ್ತೆ. ಬೇರೆಯವರ ಹೆಸರಿನ ಡಬ್ಬಿ ತಾನಾಗೇ ಮನೆ ಬಾಗಿಲಿಗೆ ಬಂತು."

ಮುನಿವೆಂಕಟಯ್ಯನವರು ಹೌದೆಂದು ತಲೆಯಾಡಿಸಿದರು.

"ಬುಧವಾರ ಹನ್ನೊಂದೂ ಕೆಟ್ಟದ್ದು ಅಂತ ಊರಿಗೆಲ್ಲ ಗೊತ್ತಾಯ್ತು. ನಿಮಗೂ ಗೊತ್ತಾಯ್ತು. ಅನ್ವರನ ಗಾಡಿ ಉರುಳಿಸಿದಾಗ ಸುಮ್ಮನಿದ್ರಿ. ಹತ್ತು ಜನ ಲಾಕಪ್ಪಲ್ಲಿ ಕೂತಾಗ ಸುಮ್ಮನಿದ್ರಿ. ಗುರುವಾರ ಸಂಜೆ ಬಂದು ಬೇಳೆ ನೆನೆಹಾಕಿದ್ರಿ." ನನ್ನ ದನಿ ನನಗೆ ತಿಳಿಯದೆಯೇ ಏರಿತ್ತು.

"ಈ ಸಲ ಮಾಡಲ್ಲ ಅಂದ್ರೆ ಯಾಕೆ ಅಂತ ಕೇಳೋರು," ಎಂದರು. "ಏನು ಹೇಳ್ಲಿ ತಾಯಿ? ನನ್ನ ಕೈಯೇ ಮೈಲಿಗೆ ಅಂತ ಹೇಳ್ಲಾ?"

ಪ್ರಾಣಕ್ಕೆ ಕುತ್ತು ತರುವ ರೋಗ ಹರಡುತ್ತದೆ ಎಂದು ಗೊತ್ತಿದ್ದೂ ಮಾಡಿದ ತಪ್ಪಿಗೆ ಮಹೇಂದ್ರ ಕೇಸು ಬರೆದುಕೊಂಡರು. ಸುಳ್ಳು ಡಬ್ಬಿ ತಂದದ್ದಕ್ಕೆ ಬ್ಯಾಟರಾಯಪ್ಪನವರ ಮೇಲೂ ಒಂದು ಕೇಸು ಬಿತ್ತು. ಮಂದಿರದ ಹಿಂದೆ ಗುಂಡಿ ತೋಡಿ, ಆರುನೂರು ಜನರ ಕೋಸಂಬರಿ ಸುರಿದು, ಸುಣ್ಣ ಹಾಕಿ ಮುಚ್ಚಿದೆವು.

* * *

ಸೋಮವಾರ ಹನ್ನೊಂದು ಗಾಡಿಯವರೂ ಲ್ಯಾಬಿಗೆ ಬಂದರು. ಈ ಸಲ ಅವರವರ ಡಬ್ಬಿ ಅವರವರ ಕೈಯಲ್ಲೇ. ಚಿಂತಾಮಣಿಯಿಂದ ಬಂದಿದ್ದ ಅನ್ವರ್ ಕೊನೆಯಲ್ಲಿ ನಿಂತಿದ್ದ.

"ಮೇಡಮ್, ಆವತ್ತೇ ನಾವು ನಮ್ಮದೇ ಕೊಟ್ಟಿದ್ರೆ?"

"ಬಹುಶಃ ಹನ್ನೊಂದೂ ಚೆನ್ನಾಗಿದೆ ಅಂತ ಬರ್ತಿತ್ತು. ಗಾಡಿ ಇಡೋಕೆ ನಿಮಗೆ ಹೆಲ್ತ್ ಕಾರ್ಡ್ ಸಿಗ್ತಿತ್ತು. ಅವರ ಮೇಲೆ ಯಾರಿಗೂ ಅನುಮಾನ ಬರ್ತಿರಲಿಲ್ಲ. ಶುಕ್ರವಾರ ಆರುನೂರು ಜನ ಕೋಸಂಬರಿ ತಿಂತಿದ್ರು."

ಅವನು ಡಬ್ಬಿಯ ಮೇಲಿದ್ದ ತನ್ನ ಹೆಸರನ್ನು ಮತ್ತೊಮ್ಮೆ ಓದಿ ಮೇಜಿನ ಮೇಲಿಟ್ಟ. "ಮದುವೆ ಇಲ್ಲ ಅಂದಿದ್ರೆ ರಾಮನವಮಿಗೆ ನಾನೂ ಹೋಗ್ತಿದ್ದೆ ಮೇಡಮ್. ಪ್ರತಿ ವರ್ಷ ಹೋಗ್ತೀನಿ. ಅಲ್ಲಿ ಪಾನಕ ಚೆನ್ನಾಗಿರುತ್ತೆ."

ಅವರೆಲ್ಲ ಹೋದ ಮೇಲೆ ಹನ್ನೆರಡನೇ ಡಬ್ಬಿ ತೆಗೆದುಕೊಂಡೆ. ಅದರ ಮೇಲೆ ನನ್ನ ಹೆಸರು ಬರೆದೆ.

ಎರಡು ದಿನ ಬಿಟ್ಟು ನೋಡಿದಾಗ ಹನ್ನೆರಡು ಪ್ಲೇಟೂ ಚೊಕ್ಕವಾಗಿದ್ದವು. ಆದರೂ ಒಂದು ಪ್ಲೇಟನ್ನು ನಂಬಿಕೊಂಡು ಧೈರ್ಯ ಮಾಡುವ ಹಾಗಿರಲಿಲ್ಲ. ಮೂರು ವಾರ ತುಂಬುವವರೆಗೆ ಕಾಯಲೇಬೇಕಿತ್ತು. ಅಲ್ಲಿಯವರೆಗೆ ನಾನು ಅಡುಗೆಮನೆಯ ಹೊಸಿಲು ದಾಟಲಿಲ್ಲ. ಮಗಳ ತಟ್ಟೆಗೆ ಒಂದು ತುತ್ತೂ ಬಡಿಸಲಿಲ್ಲ.

ಮೊದಲ ದಿನವೇ ಅವಳು ಯಾಕಮ್ಮ ಎಂದು ಕೇಳಿದಳು. ಎದುರಿಗೆ ಕೂರಿಸಿಕೊಂಡು, ನನ್ನ ಕೈಯಲ್ಲೂ ಅದು ಇರಬಹುದು ಎಂದು ಹೇಳಿದೆ.